ಭಾವಗೀತೆಗೆ ಕಂಠ ಕೊಟ್ಟ ಸಿ. ಅಶ್ವತ್ಥ್

ಕವಿತೆಯನ್ನು ಓದಲು ಅಕ್ಷರ ಬೇಕು. ಹಾಡನ್ನು ಕೇಳಲು ಕಿವಿಯೊಂದಿದ್ದರೆ ಸಾಕು. ಹೊಟ್ಟೆಪಾಡಿಗಾಗಿ ಪರನಾಡಿನಲ್ಲಿ ನೆಲೆಸಿದ ನಮ್ಮಂಥವರಿಗೆ ಈ ಮಾತಿನ ಬೆಲೆ ಚೆನ್ನಾಗಿ ಗೊತ್ತು. ಹೈದರಾಬಾದಿನ ಎಷ್ಟೋ ಕನ್ನಡ ಮನೆಗಳಲ್ಲಿ ಹಿರಿಯರು ಕನ್ನಡ ಓದಬಲ್ಲರು. ಮಕ್ಕಳು ಆಡಬಲ್ಲರೇ ಹೊರತು ಓದಲಾರರು. ಅಂಥ ಮನೆಗಳಲ್ಲೂ ಕುವೆಂಪು, ಬೇಂದ್ರೆ, ಕೆ.ಎಸ್. ನರಸಿಂಹಸ್ವಾಮಿಯವರ ಒಂದೆರಡು ಪದ್ಯಗಳು ಮಕ್ಕಳ ಬಾಯಲ್ಲಿ ಉಳಿದಿರುವುದುಂಟು. ಅವು ಪುಸ್ತಕದಿಂದ ಬಂದವಲ್ಲ, ಹಾಡಿನ ದಾರಿಯಿಂದ ಬಂದವು. ಆ ದಾರಿಯನ್ನು ಅಗಲಗೊಳಿಸಿದವರಲ್ಲಿ ಗಾಯಕ, ಸ್ವರಸಂಯೋಜಕ ಸಿ. ಅಶ್ವತ್ಥರು ಪ್ರಮುಖರು.

ಅಶ್ವತ್ಥರು ಹುಟ್ಟಿದ್ದು 1939ರ ಡಿಸೆಂಬರ್ 29ರಂದು, ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ. ದೇವಗಿರಿ ಶಂಕರರಾವ್ ಜೋಷಿಯವರಲ್ಲಿ ಹಿಂದೂಸ್ತಾನಿ ಸಂಗೀತವನ್ನು ಕಲಿತರು. ಆದರೆ ಸಂಗೀತವನ್ನೇ ನಂಬಿ ಸಂಸಾರ ಸಾಗಿಸುವ ಕಾಲ ಅದಾಗಿರಲಿಲ್ಲ. 1948ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತೀಯ ದೂರವಾಣಿ ಕಾರ್ಖಾನೆಯಲ್ಲಿ, ಅಂದರೆ ಜನ ಐ.ಟಿ.ಐ. ಎಂದು ಕರೆಯುವ ಸಂಸ್ಥೆಯಲ್ಲಿ, ಅವರು ನೌಕರಿಗೆ ಸೇರಿದರು. ಅಲ್ಲಿ 27 ವರ್ಷ ದುಡಿದರು. ಚಲನಚಿತ್ರಗಳಿಗೆ ಸಂಗೀತ ಕೊಡತೊಡಗಿದ ಮೇಲೂ ನೌಕರಿಯನ್ನು ಬಿಡಲಿಲ್ಲ. ಹಗಲು ಹಾಜರಿ ಪುಸ್ತಕಕ್ಕೆ ಸಹಿ, ಸಂಜೆ ಹಾರ್ಮೋನಿಯಮ್ಮಿನ ಮುಂದೆ ಕುಳಿತು ಸಾಧನೆ. ಸಂಬಳದ ಬದುಕೂ ಕಲೆಯ ಬದುಕೂ ಒಂದೇ ಮನೆಯಲ್ಲಿ ಬಾಳಬಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನಮಗೆ ಬೇಕಿಲ್ಲ.

ಕವಿಗಳ ಪದ್ಯಗಳನ್ನು ವೇದಿಕೆಯ ಮೇಲೆ ಹಾಡುವ ಪದ್ಧತಿ ಅಶ್ವತ್ಥರಿಂದ ಆರಂಭವಾದದ್ದಲ್ಲ. ಪಿ. ಕಾಳಿಂಗರಾಯರು (1914–1981) ಊರೂರು ತಿರುಗಿ ಹೊಸಗನ್ನಡ ಕವಿತೆಯನ್ನು ಜನರಿಗೆ ಮುಟ್ಟಿಸಿದ್ದರು. ಆಕಾಶವಾಣಿ ಈ ಗಾಯನಕ್ಕೆ ಆಶ್ರಯ ಕೊಟ್ಟಿತು. ‘ಸುಗಮ ಸಂಗೀತ’ ಎಂಬ ಹೆಸರು ಬಳಕೆಗೆ ಬಂತು. ಮೈಸೂರು ಅನಂತಸ್ವಾಮಿಯವರು ಅದಕ್ಕೆ ಮೃದುವಾದ ಮಾಧುರ್ಯವನ್ನು ತಂದರು. ಅಶ್ವತ್ಥರ ದಾರಿ ಇವರಿಬ್ಬರಿಗಿಂತ ಬೇರೆ. ಅವರದು ನಯವಾದ ಕಂಠವಲ್ಲ, ತುಸು ಒರಟು. ಆದರೆ ಎದೆಯಾಳದಿಂದ ಎದ್ದು ಎತ್ತರದ ಸ್ವರಕ್ಕೆ ಏರುವ ದನಿ. ಶಾಸ್ತ್ರೀಯ ಸಂಗೀತದಲ್ಲಿ ರಾಗವೇ ಯಜಮಾನ, ಸಾಹಿತ್ಯ ಅದರ ಹಿಂದೆ ನಡೆಯುತ್ತದೆ. ಭಾವಗೀತೆಯಲ್ಲಿ ಮಾತೇ ಯಜಮಾನ. ಮಾತು ದುಃಖಿಸಿದರೆ ಸ್ವರ ಕುಗ್ಗಬೇಕು. ಮಾತು ಕೆರಳಿದರೆ ಸ್ವರ ಸಿಡಿಯಬೇಕು. ಅಶ್ವತ್ಥರು ಪದದ ಅರ್ಥವನ್ನು ಹಿಡಿದು ಸ್ವರವನ್ನು ಕಟ್ಟುತ್ತಿದ್ದರು. ಬೇಕಾದ ಪದದ ಮೇಲೆ ನಿಂತು, ಒತ್ತಿ, ಮತ್ತೆ ಮತ್ತೆ ಹೇಳಿ, ಅದನ್ನು ಕೇಳುಗರ ಎದೆಗೆ ಇಳಿಸುತ್ತಿದ್ದರು.

ಈ ಹಾಡುಗಳು ಊರು ದಾಟಲು ಒಂದು ಪುಟ್ಟ ಯಂತ್ರವೂ ಕಾರಣವಾಯಿತು. ಹಾಲೆಂಡ್ ದೇಶದ ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕ್ಯಾಸೆಟ್ಟು ನಮ್ಮಲ್ಲಿ ‘ಧ್ವನಿಸುರುಳಿ’ ಎನಿಸಿಕೊಂಡಿತು. 1978ರಲ್ಲಿ ನಿಸಾರ್ ಅಹಮದರ ಪದ್ಯಗಳಿಗೆ ಅನಂತಸ್ವಾಮಿಯವರು ಸ್ವರ ಕೂಡಿಸಿದ ‘ನಿತ್ಯೋತ್ಸವ’ ಈ ದಾರಿಯನ್ನು ತೆರೆಯಿತು. ಅದೇ ದಾರಿಯಲ್ಲಿ ಅಶ್ವತ್ಥರ ಧ್ವನಿಸುರುಳಿಗಳೂ ಬಂದವು. 1942ರಲ್ಲಿ ಪುಸ್ತಕವಾಗಿ ಪ್ರಕಟವಾಗಿದ್ದ ‘ಮೈಸೂರ ಮಲ್ಲಿಗೆ’ ಹಾಡಾಗಿ ಮತ್ತೊಮ್ಮೆ ಮನೆಮನೆಗೆ ಹೋಯಿತು. ರೈಲಿನ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿಯ ಭರಣಿಯ ಜೊತೆಗೆ ಇಂಥ ಒಂದು ಸುರುಳಿಯೂ ಪರನಾಡಿಗೆ ಪಯಣಿಸಬಹುದಾಯಿತು.

ಅಶ್ವತ್ಥರ ಹೆಸರಿನೊಡನೆ ಬಿಡದಂತೆ ಬೆಸೆದುಕೊಂಡಿರುವುದು ಶಿಶುನಾಳ ಶರೀಫರ (1819–1889) ತತ್ತ್ವಪದ. ಬೀದರ, ಕಲಬುರಗಿ, ರಾಯಚೂರು ಕಡೆಯ ವಾಚಕರಿಗೆ ತತ್ತ್ವಪದ ಹೊಸತಲ್ಲ. 1956ರ ನವೆಂಬರ್ 1ರವರೆಗೆ ಈ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದ ಆ ಜಿಲ್ಲೆಗಳಲ್ಲಿ ಕಡಕೋಳ ಮಡಿವಾಳಪ್ಪನವರ ಪದಗಳು ಏಕತಾರಿಯೊಡನೆ ಭಜನೆಯಲ್ಲಿ ಬಾಳಿವೆ. ಶರೀಫರ ಪದಗಳೂ ಹಾಗೆಯೇ ಹಳ್ಳಿಯ ಭಜನೆಯಲ್ಲಿದ್ದವು. ಅವನ್ನು ಅಶ್ವತ್ಥರು ಪೇಟೆಯ ವೇದಿಕೆಗೆ ತಂದರು. ಟಿ.ಎಸ್. ನಾಗಾಭರಣರು ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ (1990) ಚಿತ್ರಕ್ಕೆ ಸಂಗೀತವನ್ನೂ ಕಂಠವನ್ನೂ ಕೊಟ್ಟರು. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು ಗೋವಿಂದಭಟ್ಟರು—ಇವರ ಕಥೆ ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ರಾಷ್ಟ್ರಪ್ರಶಸ್ತಿಗೆ ಪಾತ್ರವಾಯಿತು.

ಚಿತ್ರರಂಗದಲ್ಲಿ ಅವರ ಮೊದಲ ಹೆಜ್ಜೆ ಮಾಸ್ತಿಯವರ ನಾಟಕವನ್ನು ಆಧರಿಸಿದ ‘ಕಾಕನಕೋಟೆ’. ಮುಂದೆ ಎಲ್. ವೈದ್ಯನಾಥನ್ ಅವರೊಡನೆ ‘ಅಶ್ವತ್ಥ್–ವೈದಿ’ ಎಂಬ ಜೋಡಿ ಹೆಸರಿನಲ್ಲಿ ‘ನಾರದ ವಿಜಯ’ (1980), ‘ಆಲೆಮನೆ’ (1981) ಮುಂತಾದವು ಬಂದವು. ‘ಚಿನ್ನಾರಿ ಮುತ್ತ’ (1993) ಮಕ್ಕಳ ನಾಲಿಗೆಯ ಮೇಲೆ ಕುಣಿಯಿತು. ‘ನಾಗಮಂಡಲ’ (1997) ಉತ್ತರ ಕರ್ನಾಟಕದ ಜಾನಪದದ ಸೊಗಡನ್ನು ತೆರೆಗೆ ತಂದಿತು.

2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಎಂಬ ಗಾಯನೋತ್ಸವ ನಡೆಯಿತು. ಕವಿಗಳ ಪದ್ಯ ಕೇಳಲು ಅಷ್ಟು ದೊಡ್ಡ ಜನಸಾಗರ ಸೇರೀತೆಂದು ಅದಕ್ಕೆ ಮೊದಲು ಹೇಳಿದ್ದರೆ ನಂಬುವವರು ವಿರಳ. 2009ರ ಡಿಸೆಂಬರ್ 29ರಂದು, ತಮ್ಮ 70ನೆಯ ಹುಟ್ಟುಹಬ್ಬದ ದಿನವೇ, ಅಶ್ವತ್ಥರು ತೀರಿಕೊಂಡರು.

ಪದ್ಯಕ್ಕೆ ಸ್ವರ ಕೂಡಿಸುವುದು ಹುಡುಗಾಟದ ಮಾತಲ್ಲ. ಕುವೆಂಪು ಅವರ ಗೀತೆ 2004ರಲ್ಲಿ ಕರ್ನಾಟಕದ ನಾಡಗೀತೆಯಾದ ಮೇಲೆ, ಅದನ್ನು ಅನಂತಸ್ವಾಮಿಯವರ ಧಾಟಿಯಲ್ಲಿ ಹಾಡಬೇಕೋ ಅಶ್ವತ್ಥರ ಧಾಟಿಯಲ್ಲಿ ಹಾಡಬೇಕೋ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನೇ ಗೊತ್ತುಪಡಿಸಿ, 2 ನಿಮಿಷ 30 ಸೆಕೆಂಡುಗಳ ಅವಧಿಯನ್ನು ವಿಧಿಸಿತು. ಒಂದು ಪದ್ಯವನ್ನು ಜನ ಯಾವ ಸ್ವರದಲ್ಲಿ ಕೇಳುತ್ತಾರೋ ಆ ಸ್ವರವೇ ಅವರಿಗೆ ಪದ್ಯವಾಗಿಬಿಡುತ್ತದೆ ಎಂಬುದು ಇದರಿಂದ ಸ್ಪಷ್ಟ.

ಇಲ್ಲಿಯೇ ನಾವು ಎಚ್ಚರದಿಂದಿರಬೇಕಾದ ಮಾತೊಂದಿದೆ. ಹಾಡುಗಾರನು ಅನೇಕ ವೇಳೆ ಪದ್ಯದ ಕೆಲವು ನುಡಿಗಳನ್ನಷ್ಟೇ ಆಯ್ದುಕೊಳ್ಳುತ್ತಾನೆ. ಉಳಿದವು ಪುಸ್ತಕದಲ್ಲೇ ಉಳಿಯುತ್ತವೆ. ಹಾಡು ಬಾಗಿಲವರೆಗೆ ಕೈಹಿಡಿದು ತರುತ್ತದೆ. ಒಳಗೆ ಹೋಗಲು ಅಕ್ಷರವೇ ಬೇಕು. ಆದುದರಿಂದ ವಾಚಕರಲ್ಲಿ ನಮ್ಮದೊಂದು ಬಿನ್ನಹ: ಮಕ್ಕಳಿಗೆ ಅಶ್ವತ್ಥರ ಹಾಡೊಂದು ಬಾಯಿಗೆ ಬಂದಾಗ, ಅದೇ ಪದ್ಯವಿರುವ ಪುಸ್ತಕವನ್ನು ಅವರ ಮುಂದೆ ತೆರೆದಿಡಿ. ಸಾಲುಗಳು ಬಾಯಿಗೆ ಮೊದಲೇ ಬಂದಿರುವುದರಿಂದ ಅಕ್ಷರಗಳ ಗುರುತು ಬೇಗ ಹತ್ತುತ್ತದೆ. ಈ ಪಾಠಕ್ಕೆ ಶುಲ್ಕವಿಲ್ಲ. ನಮ್ಮ ವಾಚನಾಲಯದ ಬಾಗಿಲಿಗೂ ಇಲ್ಲ.