ಹಳೆ ಕಾರು: ಕರೆಂಟಿನದ್ದಾ, ಪೆಟ್ರೋಲಿನದ್ದಾ?

ಜುಮಾ ಮುಗಿದು ಮಸೀದಿ ಅಂಗಳದಲ್ಲಿ ನಾಲ್ಕು ಜನ ನಿಂತರೆ ಇತ್ತೀಚೆಗೆ ಮಾತು ಕಾರಿನ ಕಡೆಗೆ ತಿರುಗುತ್ತದೆ. ಗಲ್ಫಿನಿಂದ ಬಂದವರ ಕೈಯಲ್ಲಿ ಆರೇಳು ಲಕ್ಷ ಉಂಟು, ಮನೆಯಲ್ಲಿ ವಯಸ್ಸಾದ ಉಮ್ಮ ಇದ್ದಾರೆ, ಮಕ್ಕಳನ್ನು ಶಾಲೆಗೆ ಬಿಡಬೇಕು. ಹೊಸದು ಬೇಡ, ಸೆಕೆಂಡ್ ಹ್ಯಾಂಡ್ ಸಾಕು. ಆದರೆ ಯಾವುದು? "ಇನ್ನು ಎಲೆಕ್ಟ್ರಿಕ್ಕೇ, ಪೆಟ್ರೋಲ್ ಹಾಕಿ ಯಾಕೆ ಸಾಯೋದು" ಎನ್ನುತ್ತಾರೆ ಒಬ್ಬರು. "ಬ್ಯಾಟರಿ ಹೋದ್ರೆ ಮನೆ ಮಾರ್ಬೇಕು ಮಾರಾಯ್ರೆ" ಎನ್ನುತ್ತಾರೆ ಇನ್ನೊಬ್ಬರು. ಇಬ್ಬರ ಮಾತಲ್ಲೂ ಅರ್ಧ ಸತ್ಯ ಉಂಟು.

ನಮ್ಮಲ್ಲಿ ಹಲವರು ಬಡ್ಡಿಯ ಸಾಲಕ್ಕೆ ಹೋಗದೆ, ಕೂಡಿಟ್ಟ ಹಣದಲ್ಲೇ ಕಾರು ತೆಗೆದುಕೊಳ್ಳುವವರು. ಒಳ್ಳೆಯದೇ. ಆದರೆ ಹೀಗೆ ಕೊಳ್ಳುವವರಿಗೆ ಎರಡನೇ ಅವಕಾಶ ಇಲ್ಲ. ಆರು ಲಕ್ಷ ಕೊಟ್ಟು ತಂದ ಕಾರು ಮೂರನೇ ವರ್ಷಕ್ಕೆ ದೊಡ್ಡ ಖರ್ಚು ತಂದಿಟ್ಟರೆ ಅದನ್ನು ತುಂಬಿಸಲು ಮತ್ತೆ ಗಲ್ಫಿಗೇ ಹೋಗಬೇಕು. ಹಾಗಾಗಿ "ಕಿಲೋಮೀಟರ್‌ಗೆ ಒಂದು ರೂಪಾಯಿ ಅಷ್ಟೇ" ಎಂಬ ಮಾತನ್ನು ಕೇಳಿದ ಕೂಡಲೇ ಕರಗಬಾರದು. ಮೊದಲು ಕೇಳಬೇಕಾದ್ದು, ನಮ್ಮ ಕಾರು ದಿನಕ್ಕೆ ಎಷ್ಟು ಓಡುತ್ತದೆ, ರಾತ್ರಿ ಎಲ್ಲಿ ನಿಲ್ಲುತ್ತದೆ ಎಂಬುದು.

ಲೆಕ್ಕ ಹಾಕಿ ನೋಡುವ. ದೇರಳಕಟ್ಟೆಯಿಂದ ಮಂಗಳೂರು ಪೇಟೆಗೆ ದಿನಾ ಹೋಗಿ ಬರುವವರು, ಅಲ್ಲಿ ಇಲ್ಲಿ ಸುತ್ತುವುದೂ ಸೇರಿ 30 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ತಿಂಗಳಿಗೆ 900 ಕಿಲೋಮೀಟರ್. ಪೇಟೆಯ ಟ್ರಾಫಿಕ್ಕಿನಲ್ಲಿ ಲೀಟರಿಗೆ 15 ಕೊಡುವ ಪೆಟ್ರೋಲ್ ಕಾರಿಗೆ 60 ಲೀಟರ್ ಬೇಕು. ಲೀಟರಿಗೆ ನೂರು ರೂಪಾಯಿ ಹಿಡಿದರೂ ತಿಂಗಳಿಗೆ ಆರು ಸಾವಿರ. ಅದೇ ದೂರಕ್ಕೆ ಎಲೆಕ್ಟ್ರಿಕ್ ಕಾರಿಗೆ ಸುಮಾರು 150 ಯೂನಿಟ್ ಕರೆಂಟ್ ಸಾಕು. ಯೂನಿಟ್‌ಗೆ ಏಳು ರೂಪಾಯಿ ಹಿಡಿದರೆ ಸಾವಿರದ ಐವತ್ತು. ವರ್ಷಕ್ಕೆ ಹತ್ತಿರ ಹತ್ತಿರ ಅರುವತ್ತು ಸಾವಿರ ಉಳಿತಾಯ. ಇದು ಸಣ್ಣ ಮೊತ್ತ ಅಲ್ಲ.

ಆದರೆ ನಮ್ಮ ಊರುಗಳಲ್ಲಿ ಎಷ್ಟು ಕಾರುಗಳು ದಿನಕ್ಕೆ 30 ಕಿಲೋಮೀಟರ್ ಓಡುತ್ತವೆ? ಹೆಚ್ಚಿನವು ವಾರದಲ್ಲಿ ಐದು ದಿನ ಸಿಟೌಟಿನ ಎದುರು ನಿಂತಿರುತ್ತವೆ. ಮದುವೆ, ಆಸ್ಪತ್ರೆ, ಸಂಬಂಧಿಕರ ಮನೆ, ಅಷ್ಟೇ. ದಿನಕ್ಕೆ ಸರಾಸರಿ 10 ಕಿಲೋಮೀಟರ್ ಓಡುವ ಕಾರಿಗೆ ಪೆಟ್ರೋಲ್ ಖರ್ಚು ತಿಂಗಳಿಗೆ ಎರಡು ಸಾವಿರ, ಕರೆಂಟ್ ಖರ್ಚು ಮುನ್ನೂರೈವತ್ತು. ಉಳಿಯುವುದು ವರ್ಷಕ್ಕೆ ಇಪ್ಪತ್ತು ಸಾವಿರ. ಅಷ್ಟಕ್ಕಾಗಿ ಬ್ಯಾಟರಿಯ ಭಯವನ್ನು ತಲೆ ಮೇಲೆ ಹೊರಬೇಕಾ? ನಮ್ಮ ಅಭಿಪ್ರಾಯದಲ್ಲಿ ಬೇಡ.

ಇಲ್ಲಿ ಇನ್ನೊಂದು ವಿಷಯ ಉಂಟು, ಅದನ್ನು ಯಾವ ಬ್ರೋಕರ್ ಕೂಡ ಹೇಳುವುದಿಲ್ಲ. ಗೃಹಜ್ಯೋತಿ. 2023ರಲ್ಲಿ ಶುರುವಾದ ಈ ಯೋಜನೆಯಲ್ಲಿ 2022-23ರ ನಮ್ಮ ಮನೆಯ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಅಷ್ಟು ಯೂನಿಟ್ ಉಚಿತ. ಅದನ್ನು ದಾಟಿದರೆ ದಾಟಿದಷ್ಟಕ್ಕೆ ಹಣ. ಒಟ್ಟು 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನೂ ನಾವೇ ಕಟ್ಟಬೇಕು. ಈಗ ಮನೆಯಲ್ಲಿ 80 ಯೂನಿಟ್ ಉರಿಸಿ ಸೊನ್ನೆ ಬಿಲ್ ನೋಡುತ್ತಿರುವವರು ಕಾರಿಗೆ 150 ಯೂನಿಟ್ ಸೇರಿಸಿದರೆ 230 ಆಯಿತು. ಸೊನ್ನೆ ಬಿಲ್ಲಿನ ಸುಖ ಅಲ್ಲಿಗೆ ಮುಗಿಯಿತು. ಆಗಲೂ ಪೆಟ್ರೋಲಿಗಿಂತ ಕಡಿಮೆಯೇ, ಆದರೆ ಲೆಕ್ಕದಲ್ಲಿ ಇದನ್ನೂ ಬರೆದುಕೊಳ್ಳಬೇಕು.

ಚಾರ್ಜಿಂಗ್ ಜಾಗ ಅದಕ್ಕಿಂತ ದೊಡ್ಡ ಪ್ರಶ್ನೆ. ಸ್ವಂತ ಮನೆ, ಸ್ವಂತ ಅಂಗಳ, ಸರಿಯಾದ ಅರ್ತಿಂಗ್ ಇರುವ 15 ಆಂಪಿಯರ್ ಪಾಯಿಂಟ್ ಇದ್ದರೆ ರಾತ್ರಿ ಚುಚ್ಚಿ ಮಲಗಿದರೆ ಆಯಿತು. ಫ್ಲ್ಯಾಟಿನಲ್ಲಿ ಬಾಡಿಗೆಗೆ ಇರುವವರು, ಓಣಿಯಲ್ಲಿ ಮನೆ ಇದ್ದು ಕಾರನ್ನು ರಸ್ತೆ ಬದಿಯಲ್ಲಿ ನಿಲ್ಲಿಸುವವರು ಹೊರಗಿನ ಫಾಸ್ಟ್ ಚಾರ್ಜರನ್ನೇ ನಂಬಬೇಕಾಗುತ್ತದೆ. ಅಲ್ಲಿ ಯೂನಿಟ್ ದರ ಮನೆಯ ದರದ ಎರಡು ಮೂರು ಪಟ್ಟು. ಮೇಲಿನಿಂದ ಕಾಯುವ ಕೆಲಸ ಬೇರೆ. ಅಂಥವರು ಎಲೆಕ್ಟ್ರಿಕ್ ಆಸೆ ಸದ್ಯಕ್ಕೆ ಬಿಡುವುದೇ ಒಳ್ಳೆಯದು. ಹಳ್ಳಿ ಕಡೆ ಇರುವವರು ಆಟಿ ತಿಂಗಳ ಮಳೆಯನ್ನೂ ನೆನಪಿಡಬೇಕು. ಮರ ಬಿದ್ದು ಲೈನ್ ಹೋದರೆ ಒಂದೊಂದು ಕಡೆ ಎರಡು ದಿನ ಕರೆಂಟ್ ಬರುವುದಿಲ್ಲ.

ಇನ್ನು ಬ್ಯಾಟರಿ. ನಮ್ಮ ಕಡೆ ಹಳೆ ಎಲೆಕ್ಟ್ರಿಕ್ ಕಾರು ಎಂದರೆ ಹೆಚ್ಚಾಗಿ ಟಾಟಾದ್ದು. 2020ರ ಜನವರಿಯಲ್ಲಿ ಬಂದ ಮೊದಲ ನೆಕ್ಸಾನ್ ಇವಿಯ ಬ್ಯಾಟರಿ 30.2 ಕಿಲೋವ್ಯಾಟ್ ಅವರ್. ಕಾಗದದಲ್ಲಿ 312 ಕಿಲೋಮೀಟರ್ ಎಂದು ಬರೆದಿತ್ತು, ಎ.ಸಿ. ಹಾಕಿ ನಿಜವಾಗಿ ಓಡಿಸುವವರಿಗೆ ಸಿಗುವುದು 200ರ ಆಸುಪಾಸು. ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ, ಯಾವುದು ಮೊದಲೋ ಅದು. 2020ರಲ್ಲಿ ರಿಜಿಸ್ಟರ್ ಆದ ಕಾರಿನ ವಾರಂಟಿ 2028ಕ್ಕೆ ಮುಗಿಯಿತು. ಅಂದರೆ ನಾವು ಕೊಳ್ಳುವುದು ಕಾರನ್ನಲ್ಲ, ಉಳಿದ ವಾರಂಟಿಯನ್ನು. ಎರಡು ವರ್ಷ ಉಳಿದ ಕಾರಿಗೂ ಐದು ವರ್ಷ ಉಳಿದ ಕಾರಿಗೂ ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಇರಲೇಬೇಕು, ಇಲ್ಲದಿದ್ದರೆ ಚೌಕಾಸಿ ಮಾಡಬೇಕು. ವಾರಂಟಿ ಎರಡನೇ ಮಾಲಕರಿಗೆ ಬರುತ್ತದಾ, ಬಂದರೆ ಎಷ್ಟು ವರ್ಷ ಎಂಬುದನ್ನೂ ಪುಸ್ತಕದಲ್ಲಿ ಓದಿಯೇ ನೋಡಬೇಕು. ಕೆಲವು ಹೊಸ ಮಾದರಿಗಳ 15 ವರ್ಷದ ವಾರಂಟಿ ಮೊದಲ ಮಾಲಕರಿಗೆ ಮಾತ್ರ.

ಬ್ಯಾಟರಿಯ ಆರೋಗ್ಯ ಶೇಕಡಾ ಎಷ್ಟು ಉಳಿದಿದೆ ಎಂಬುದನ್ನು ಕಂಪೆನಿಯ ಸರ್ವಿಸ್ ಸೆಂಟರಿನಲ್ಲಿ ಯಂತ್ರ ಹಾಕಿ ನೋಡಬಹುದು. ಆ ವರದಿ ಇಲ್ಲದೆ ಮುಂಗಡ ಕೊಡಬೇಡಿ. ಮಾರುವವರು "ಅದೆಲ್ಲ ಯಾಕೆ, ನಂಬಿಕೆ ಇಲ್ವಾ?" ಎಂದರೆ ಸುಮ್ಮನೆ ಎದ್ದು ಬನ್ನಿ. ಐಬು ಗೊತ್ತಿದ್ದೂ ಮುಚ್ಚಿಟ್ಟು ಮಾರುವುದು ಸಲ್ಲದು ಎಂದು ನಾವು ಮದ್ರಸದಲ್ಲಿ ಚಿಕ್ಕ ಮಕ್ಕಳಿಗೇ ಕಲಿಸುತ್ತೇವೆ. ದೊಡ್ಡವರಿಗೆ ಗೊತ್ತಿಲ್ಲ ಎಂದು ಹೇಳುವ ಹಾಗಿಲ್ಲ. ಇನ್ನೊಂದು ಪರೀಕ್ಷೆ ನಾವೇ ಮಾಡಬಹುದು: ಕಾರನ್ನು ಪೂರ್ತಿ ಚಾರ್ಜ್ ಮಾಡಿಸಿ, ಒಂದು ಐವತ್ತು ಕಿಲೋಮೀಟರ್ ಓಡಿಸಿ, ಎಷ್ಟು ಶೇಕಡಾ ಇಳಿಯಿತು ಎಂದು ಬರೆದುಕೊಳ್ಳುವುದು.

ಟ್ಯಾಕ್ಸಿಯಾಗಿ ಓಡಿದ ಎಲೆಕ್ಟ್ರಿಕ್ ಕಾರುಗಳ ಬಗ್ಗೆ ಜಾಗ್ರತೆ ಬೇಕು. ದಿಲ್ಲಿ ಮತ್ತು ಬೆಂಗಳೂರಿನಲ್ಲಿದ್ದ ಬ್ಲೂಸ್ಮಾರ್ಟ್ 2025ರ ಎಪ್ರಿಲ್‌ನಲ್ಲಿ ಸೇವೆ ನಿಲ್ಲಿಸಿದ ಮೇಲೆ ಅಂಥ ಕಾರುಗಳು ಕಡಿಮೆ ಬೆಲೆಗೆ ಮಾರುಕಟ್ಟೆಗೆ ಬಂದವು. ಬೆಲೆ ಕೇಳಿದರೆ ಆಸೆಯಾಗುತ್ತದೆ. ಆದರೆ ದಿನಾ ಫಾಸ್ಟ್ ಚಾರ್ಜ್ ಮಾಡಿ, ದಿನವಿಡೀ ಓಡಿದ ಬ್ಯಾಟರಿ ಅದು.

ಬೆಂಗಳೂರಿಗೆ ತಿಂಗಳಿಗೆ ನಾಲ್ಕು ಸಲ ಹೋಗುವವರಿಗೆ ಸಣ್ಣ ಬ್ಯಾಟರಿಯ ಕಾರು ಆಗಿ ಬರುವುದಿಲ್ಲ. 350 ಕಿಲೋಮೀಟರ್ ದಾರಿ, ನಡುವೆ ಶಿರಾಡಿ ಘಾಟಿ. ಘಾಟಿ ಹತ್ತುವಾಗ ಚಾರ್ಜ್ ಕಣ್ಣೆದುರೇ ಇಳಿಯುತ್ತದೆ (ಬರುವಾಗ ಇಳಿಜಾರಿನಲ್ಲಿ ಸ್ವಲ್ಪ ಮರಳಿ ಬರುತ್ತದೆ ಎನ್ನುವುದು ಬೇರೆ ಮಾತು). ದಾರಿಯಲ್ಲಿ ಕನಿಷ್ಠ ಒಂದು ಸಲ, ಸಮಾಧಾನಕ್ಕೆ ಎರಡು ಸಲ ನಿಲ್ಲಿಸಬೇಕು. ಹಿಂದಿನ ಸೀಟಿನಲ್ಲಿ ಆಸ್ಪತ್ರೆಗೆ ಹೊರಟ ರೋಗಿ ಇದ್ದರೆ ಆ ಕಾಯುವಿಕೆ ಎಂತದ್ದು ಎಂದು ಯೋಚಿಸಿ.

ಅಂಥವರಿಗೆ ಡೀಸೆಲ್ ಈಗಲೂ ಸರಿ. ಲೀಟರಿಗೆ ಪೆಟ್ರೋಲಿಗಿಂತ ಹತ್ತು ರೂಪಾಯಿಯಷ್ಟು ಕಡಿಮೆ, ಮೈಲೇಜ್ ಜಾಸ್ತಿ, ದೊಡ್ಡ ಕುಟುಂಬ ತುಂಬಿಕೊಂಡು ಹೋಗುವ ಇನ್ನೋವಾಗಳಿಗೆ ಮರುಮಾರಾಟದ ಬೆಲೆಯೂ ಉಂಟು. ಮಾರುತಿ 2020ರ ಎಪ್ರಿಲ್ ಹೊತ್ತಿಗೆ ಡೀಸೆಲ್ ಕಾರು ನಿಲ್ಲಿಸಿಬಿಟ್ಟಿತು. ಹಾಗಾಗಿ ಡೀಸೆಲ್ ಸ್ವಿಫ್ಟ್, ಡಿಸೈರ್ ಎಂದರೆ ಎಲ್ಲವೂ ಅದಕ್ಕಿಂತ ಹಳೆಯವು. 2020ರ ನಂತರದ ಬಿಎಸ್-6 ಡೀಸೆಲ್ ಕೊಳ್ಳುವವರು ಒಂದು ವಿಷಯ ತಿಳಿದಿರಬೇಕು. ಅದರ ಹೊಗೆ ಕೊಳವೆಯಲ್ಲಿ ಮಸಿ ಹಿಡಿದಿಡುವ ಫಿಲ್ಟರ್ ಇರುತ್ತದೆ. ಹೈವೇಯಲ್ಲಿ ಬಿಸಿಯಾಗಿ ಓಡಿದಾಗ ಮಸಿ ಸುಟ್ಟು ಹೋಗುತ್ತದೆ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮಸೀದಿಗೆ ಎಂದು ಎರಡೆರಡು ಕಿಲೋಮೀಟರ್ ಓಡಿಸಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಖರ್ಚು ದೊಡ್ಡದು. ಪೇಟೆ ಒಳಗೇ ಓಡಿಸುವವರಿಗೆ ಡೀಸೆಲ್ ಬೇಡ.

ಹೈಬ್ರಿಡ್ ಹೆಸರಿನಲ್ಲಿ ಗೊಂದಲ ಜಾಸ್ತಿ. 2015ರಿಂದ ಮಾರುತಿಯ ಸಿಯಾಜ್, ಎರ್ಟಿಗಾಗಳ ಹಿಂದೆ 'ಸ್ಮಾರ್ಟ್ ಹೈಬ್ರಿಡ್' ಎಂದು ಅಂಟಿಸಿರುವುದನ್ನು ತೋರಿಸಿ ಹೆಚ್ಚು ಬೆಲೆ ಹೇಳುವವರಿದ್ದಾರೆ. ಆ ಕಾರುಗಳು ಬ್ಯಾಟರಿಯಲ್ಲೇ ಓಡುವುದಿಲ್ಲ, ಎಂಜಿನ್ನಿಗೆ ಸಣ್ಣ ಸಹಾಯ ಸಿಗುತ್ತದೆ ಅಷ್ಟೇ. ನಿಜವಾದ ಹೈಬ್ರಿಡ್ ಎಂದರೆ 2022ರಲ್ಲಿ ಬಂದ ಗ್ರ್ಯಾಂಡ್ ವಿಟಾರ, ಟೊಯೊಟ ಹೈರೈಡರ್, ಹೋಂಡಾ ಸಿಟಿ ಇವುಗಳ ಹೈಬ್ರಿಡ್ ಮಾದರಿ. ಟ್ರಾಫಿಕ್ಕಿನಲ್ಲಿ ಕರೆಂಟ್, ಹೈವೇಯಲ್ಲಿ ಪೆಟ್ರೋಲ್, ಚುಚ್ಚುವ ಕೆಲಸವೇ ಇಲ್ಲ. ಪೇಟೆಯೂ ಬೇಕು, ಬೆಂಗಳೂರೂ ಬೇಕು ಎನ್ನುವವರಿಗೆ ಇದರಷ್ಟು ಒಪ್ಪುವ ಕಾರು ಬೇರೆ ಇಲ್ಲ. ಆದರೆ ನಾವು ಹೇಳಿದ ಆರೇಳು ಲಕ್ಷಕ್ಕೆ ಇನ್ನೂ ಇಳಿದಿಲ್ಲ.

ಉಳಿದದ್ದು ಪೆಟ್ರೋಲ್. ರಿಪೇರಿ ಗೊತ್ತಿರುವ ಮೆಕ್ಯಾನಿಕ್ ಪಾಣೆಮಂಗಳೂರಿನಲ್ಲೂ ಸಿಗುತ್ತಾರೆ, ಉಪ್ಪಿನಂಗಡಿಯಲ್ಲೂ ಸಿಗುತ್ತಾರೆ. ಒಂದು ತೊಂದರೆ, ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಹಳೆಯ ನಾಲ್ಕು ಚಕ್ರದ ವಾಹನಗಳಲ್ಲಿ ಮೈಲೇಜ್ ಶೇ. 6ರಿಂದ 7ರಷ್ಟು ಇಳಿಯಬಹುದು ಎಂದು ನೀತಿ ಆಯೋಗವೇ 2021ರ ವರದಿಯಲ್ಲಿ ಹೇಳಿತ್ತು. ರಬ್ಬರ್ ಪೈಪ್, ಗ್ಯಾಸ್ಕೆಟ್‌ಗಳನ್ನು ನೋಡಿಸಿಕೊಳ್ಳಬೇಕು. 2023ರ ಎಪ್ರಿಲ್ ನಂತರದ ಕಾರಾದರೆ ಆ ಚಿಂತೆ ಕಡಿಮೆ.

ಗಲ್ಫಿನಲ್ಲಿದ್ದುಕೊಂಡು ವರ್ಷಕ್ಕೊಂದು ತಿಂಗಳು ಊರಿಗೆ ಬರುವವರಿಗೆ ಬೇರೆಯೇ ಮಾತು. ಹನ್ನೊಂದು ತಿಂಗಳು ಟಾರ್ಪಾಲಿನಡಿ ನಿಲ್ಲುವ ಕಾರು ಅದು. ಎಲೆಕ್ಟ್ರಿಕ್ ಕಾರನ್ನು ಪೂರ್ತಿ ಚಾರ್ಜಿನಲ್ಲೋ ಪೂರ್ತಿ ಖಾಲಿಯಲ್ಲೋ ಹಾಗೆ ಬಿಟ್ಟು ಹೋಗುವುದು ಬ್ಯಾಟರಿಗೆ ಒಳ್ಳೆಯದಲ್ಲ, ಅರ್ಧದ ಹತ್ತಿರ ಇಟ್ಟು ಯಾರಾದರೂ ಆಗಾಗ ನೋಡಬೇಕು. ಹೈಬ್ರಿಡ್ಡನ್ನೂ ಆಗಾಗ ಓಡಿಸುತ್ತಿರಬೇಕು. ಸಣ್ಣ ಪೆಟ್ರೋಲ್ ಕಾರಾದರೆ ತಮ್ಮನೋ ಬಾವನೋ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಒಂದು ಸುತ್ತು ಹಾಕಿದರೆ ಸಾಕು. ಇಲಿ ವಯರ್ ಕಡಿಯುವುದಕ್ಕೆ ಮಾತ್ರ ಯಾವ ಕಾರಲ್ಲೂ ಮದ್ದಿಲ್ಲ!

ಯಾವುದನ್ನೇ ಕೊಳ್ಳಲಿ, ನೀರು ನುಗ್ಗಿದ ಕಾರೇ ಎಂದು ನೋಡಿ. ಸೀಟ್ ಬೆಲ್ಟನ್ನು ಪೂರ್ತಿ ಎಳೆದರೆ ಕೊನೆಯಲ್ಲಿ ಕೆಸರಿನ ಕಲೆ ಕಾಣುತ್ತದೆ, ಕಾರ್ಪೆಟ್ ಎತ್ತಿದರೆ ವಾಸನೆ ಬರುತ್ತದೆ. ಕಡಲ ಬದಿಯ ಕಾರಾದರೆ ಅಡಿಭಾಗದ ತುಕ್ಕು ನೋಡಬೇಕು. ಕೆಎಲ್ ನಂಬರಿನ ಕಾರು ಅಗ್ಗ ಎಂದು ತರುವವರು ಎನ್‌ಒಸಿ ಮತ್ತು ಇಲ್ಲಿನ ರಸ್ತೆ ತೆರಿಗೆಯನ್ನು ಸೇರಿಸಿ ಬೆಲೆ ಲೆಕ್ಕ ಹಾಕಬೇಕು. 15 ವರ್ಷ ತುಂಬುವ ಕಾರಿನ ಆರ್‌ಸಿ ನವೀಕರಣದ ಶುಲ್ಕ 2022ರಲ್ಲಿ 600ರಿಂದ 5,000 ರೂಪಾಯಿಗೆ ಏರಿದೆ. ಹಳೆ ಕಾರಿಗೆ ಶೇ. 18 ಜಿಎಸ್‌ಟಿ ಎಂಬ ಮಾತು ಕೇಳಿ ಹೆದರುವುದು ಬೇಡ, ಅದು ವ್ಯಾಪಾರಿಯ ಲಾಭದ ಮೇಲೆ, ಪೂರ್ತಿ ಬೆಲೆಯ ಮೇಲಲ್ಲ. ನೆರೆಮನೆಯವರಿಂದ ನೇರ ಕೊಂಡರೆ ಅದೂ ಇಲ್ಲ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಅದು ತೆಗೆದ ಮೇಲೆಯೇ ಪೂರ್ತಿ ಹಣ ಕೊಡಿ. ಕೊಂಡ 14 ದಿನದೊಳಗೆ ಇನ್ಶೂರೆನ್ಸನ್ನು ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಹಳೆ ಮಾಲಕರ ನೋ ಕ್ಲೈಮ್ ಬೋನಸ್ ನಿಮಗೆ ಬರುವುದಿಲ್ಲ, ಅದು ಅವರ ಜತೆಗೇ ಹೋಗುತ್ತದೆ.