ನೆರಡಿ ರೋಗದ ಎರಡು ಉಂಗುರಗಳು

ಶಾಗ್ಯವೇ ಮೊದಲಾದ ಹನೂರು ಸೀಮೆಯ ಊರುಗಳಲ್ಲಿ ದನಕರುಗಳೇ ಒಕ್ಕಲಿಗನ ಬಲವು. ಅಂತಹ ಮಂದೆಗಳನ್ನು ಹಠಾತ್ತಾಗಿ ಕೊಲ್ಲಬಲ್ಲ ನೆರಡಿ ರೋಗದ ಶಕ್ತಿಯೆಲ್ಲವೂ ಅದರ ಸೂಕ್ಷ್ಮಾಣುವಿನಲ್ಲಿರುವ ಎರಡು ಉಂಗುರಗಳನ್ನು ಆಶ್ರಯಿಸಿದೆ. ಮುಖ್ಯ ವರ್ಣತಂತುವಿನಿಂದ ಬೇರೆಯಾಗಿದ್ದು ವಂಶಗುಣವನ್ನು ಸಾಗಿಸುವ ಇಂತಹವಕ್ಕೆ ಲೆಡರ್‌ಬರ್ಗನು 1952ರಲ್ಲಿ ‘ಪ್ಲಾಸ್ಮಿಡ್’ ಎಂದು ಹೆಸರಿಟ್ಟನು.

ಜೀವಕೋಶದೊಳಗೆ ಈ ಡಿ.ಎನ್.ಎ. ಉಂಗುರವು ಹುರಿಯೇರಿದ ಹಗ್ಗದಂತೆ ತನ್ನ ಮೇಲೆ ತಾನೇ ಸುತ್ತಿಕೊಂಡಿರುವುದು. ಅದರ ಜೋಡಿ ಎಳೆಗಳಲ್ಲಿ ಒಂದು ಕಡಿದರೆ ಹುರಿ ಸಡಿಲಿ ಅಗಲವಾದ ಬಳೆಯಾಗುವುದು; ಎರಡೂ ಒಂದೆಡೆ ಕಡಿದರೆ ನೀಳವಾದ ದಾರವಾಗುವುದು. ಪ್ರತಿರಚನೆಯು ನಿಯತವಾದ ಒಂದು ಸ್ಥಾನದಲ್ಲಿ ಆರಂಭವಾಗುವುದು. ಅಲ್ಲಿ ಎಳೆಗಳು ಅಗಲಿ, ಒಂದೊಂದರ ಮೇಲೂ ಹೊಸ ಜೊತೆಯೆಳೆ ಬೆಳೆದು, ಕೊನೆಗೆ ಎರಡು ಉಂಗುರಗಳಾಗುವುವು. ಕೆಲವು ಸಣ್ಣ ಪ್ಲಾಸ್ಮಿಡ್‌ಗಳಲ್ಲಾದರೋ ಒಂದೆಳೆಯು ಕಡಿದು, ಉರುಳೆಯಿಂದ ನೂಲು ಬಿಚ್ಚಿದಂತೆ ಹೊರಬರುವುದು. ಕೋಶವು ಇಬ್ಭಾಗವಾಗುವುದರೊಳಗೆ ಈ ಕಾರ್ಯವು ಮುಗಿಯದಿದ್ದರೆ ಮರಿಕೋಶವೊಂದಕ್ಕೆ ಉಂಗುರವೇ ದೊರೆಯದು.

ಲಸಿಕೆಯ ಮರ್ಮವೂ ಇಂತಹ ನಷ್ಟದಲ್ಲಿಯೇ ಇದೆ. ನೆರಡಿಯ ಒಂದು ಉಂಗುರವು ವಿಷವನ್ನು, ಇನ್ನೊಂದು ರಕ್ಷಾಕವಚವನ್ನು ನಿರ್ಮಿಸುವುದು. 1881ರಲ್ಲಿ ಪಾಸ್ತರನು ಈ ಸೂಕ್ಷ್ಮಾಣುವನ್ನು 42–43 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಳೆಸಿ ದುರ್ಬಲಗೊಳಿಸಿದನು. ಆ ಶಾಖದಲ್ಲಿ ವಿಷದ ಉಂಗುರವು ಕಳೆದುಹೋಗುವುದೆಂಬುದು 1983ರಲ್ಲಷ್ಟೇ ತಿಳಿಯಿತು. 1930ರ ದಶಕದಲ್ಲಿ ದಕ್ಷಿಣ ಆಫ್ರಿಕದ ಸ್ಟರ್ನನು ಆರಿಸಿದ ತಳಿಯಲ್ಲಿ ಕವಚದ ಉಂಗುರವಿಲ್ಲ. ವಿಷದ್ದು ಮಾತ್ರ ಉಳಿದಿದೆ. ಕವಚವಿಲ್ಲದುದರಿಂದ ದನದ ಮೈಯು ಸೂಕ್ಷ್ಮಾಣುವನ್ನು ಗೆಲ್ಲುವುದು; ವಿಷದ ಪರಿಚಯವಾದುದರಿಂದ ಮುಂದಿನ ರೋಗವನ್ನು ತಡೆಯುವುದು. ಭಾರತದಲ್ಲಿ ದನಗಳಿಗೆ ಹಾಕುವ ನೆರಡಿ ಲಸಿಕೆಯು ಈ ತಳಿಯದೇ. ಹೀಗೆ, ಒಂದು ಉಂಗುರದ ಲೋಪವೇ ಮಂದೆಗೆ ಕಾವಲಾಗಿದೆ.