ಕೊಲೆಸ್ಟ್ರಾಲ್, ಮನಸ್ಸು ಮತ್ತು ಒಂದು ಪ್ರಶ್ನೆ ಚಿಹ್ನೆ

ಇವತ್ತು ರಾಜಕೀಯ ಪಕ್ಕಕ್ಕಿಡೋಣ. ಒಂದು ಫೋನ್ ಕರೆಯ ಬಗ್ಗೆ ಹೇಳಬೇಕಿದೆ.

ಕಳೆದ ವಾರ ಹಾಸನದ ಕಡೆಯ ವೀಕ್ಷಕರೊಬ್ಬರು ನಮ್ಮ ಕಚೇರಿಗೆ ಫೋನ್ ಮಾಡಿದ್ದರು. ಅವರ ತಮ್ಮ ಹತ್ತು ವರ್ಷದಿಂದ ಮಾನಸಿಕ ಕಾಯಿಲೆಗೆ ಚಿಕಿತ್ಸೆ ತಗೋತಿದ್ದಾರೆ. ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಕೂಡ ಹಾಕಿದ್ದಾರೆ. ಅದಕ್ಕೆ ದಿನಾ ರಾತ್ರಿ ಒಂದು ಕೊಲೆಸ್ಟ್ರಾಲ್ ಮಾತ್ರೆ. ಹೋದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದಾಗ ಒಟ್ಟು ಕೊಲೆಸ್ಟ್ರಾಲ್ 128 ಬಂತು. ಬೇರೆ ಮನೆಯಲ್ಲಾಗಿದ್ದರೆ ಖುಷಿಪಡುತ್ತಿದ್ದರು. ಈ ಅಣ್ಣ ಮಾತ್ರ ಹೆದರಿ, ಆ ಮಾತ್ರೆಯನ್ನೇ ನಿಲ್ಲಿಸಿಬಿಟ್ಟಿದ್ದರು.

ಯಾಕೆ ನಿಲ್ಲಿಸಿದಿರಿ ಅಂತ ಕೇಳಿದೆ. "ನಿಮ್ಮ ಚಾನೆಲ್‌ನಲ್ಲೇ ಬಂತಲ್ಲ ಸಾರ್, ಕೊಲೆಸ್ಟ್ರಾಲ್ ಕಡಿಮೆಯಾದ್ರೆ ಆತ್ಮಹತ್ಯೆ ಯೋಚನೆ ಬರುತ್ತೆ ಅಂತ. ಇವನಿಗೆ ಮೊದಲೇ ಮನಸ್ಸು ಸರಿಯಿಲ್ಲ" ಅಂದ್ರು.

ಹುಡುಕಿಸಿ ನೋಡಿದೆ. ಹೌದು, ನಾವೇ ಹಾಕಿದ್ವಿ. ಸ್ಕ್ರಾಲ್‌ನಲ್ಲಿ ನಾಲ್ಕೈದು ಪದ, ಕೊನೆಯಲ್ಲೊಂದು ಪ್ರಶ್ನೆ ಚಿಹ್ನೆ. ನಮ್ಮ ಕಸುಬಿನಲ್ಲಿ ಆ ಚಿಹ್ನೆ ಅಂದರೆ ಒಂದು ಕೊಡೆ ಇದ್ದ ಹಾಗೆ. ನಾಳೆ ಯಾರಾದರೂ ಕೇಳಿದರೆ, "ನಾವು ಹೇಳಿಲ್ಲ, ಕೇಳಿದ್ದೀವಿ ಅಷ್ಟೇ" ಅಂತ ಅದರ ಕೆಳಗೆ ನಿಂತುಕೊಳ್ಳಬಹುದು. ಆದರೆ ಮನೆಯಲ್ಲಿ ಕೂತು ನೋಡೋರಿಗೆ ಆ ಚಿಹ್ನೆ ಕಾಣಿಸಲ್ಲ. ಹಾಗಾಗಿ ಅವತ್ತು ಅರ್ಧಕ್ಕೆ ಬಿಟ್ಟಿದ್ದನ್ನ ಇವತ್ತು ಪೂರ್ತಿ ಹೇಳ್ತೀನಿ.

ಮೊದಲನೆಯದಾಗಿ, ಈ ಅನುಮಾನ ಯಾರೋ ಗಾಳಿಯಲ್ಲಿ ತೇಲಿಬಿಟ್ಟ ಮಾತಲ್ಲ. ಕೊಲೆಸ್ಟ್ರಾಲ್ ಅಂದ ತಕ್ಷಣ ನಾವು ಕೊಬ್ಬು, ಬ್ಲಾಕೇಜ್ ಅಂತ ಬೆಚ್ಚಿಬೀಳ್ತೀವಿ. ಆದರೆ ಅದಿಲ್ಲದೆ ದೇಹ ನಡೆಯಲ್ಲ. ಪ್ರತಿ ಜೀವಕೋಶದ ಗೋಡೆಗೂ ಅದು ಬೇಕು. ಹಲವು ಹಾರ್ಮೋನುಗಳು ತಯಾರಾಗೋದು ಅದರಿಂದಲೇ. ಮೆದುಳಿನ ತೂಕ ದೇಹದ ತೂಕದ ಶೇಕಡಾ 2ರಷ್ಟು ಮಾತ್ರ, ಆದರೆ ದೇಹದ ಒಟ್ಟು ಕೊಲೆಸ್ಟ್ರಾಲ್‌ನಲ್ಲಿ ಹೆಚ್ಚುಕಮ್ಮಿ ಐದರಲ್ಲೊಂದು ಪಾಲು ಅಲ್ಲೇ ಇರುತ್ತೆ. ವೈರಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುತ್ತಲ್ಲ, ಹಾಗೆ ನರಗಳ ಮೇಲೂ ಒಂದು ಹೊದಿಕೆ ಇದೆ. ಅದರಲ್ಲೂ ಕೊಲೆಸ್ಟ್ರಾಲ್ ತುಂಬಿರುತ್ತೆ.

1990ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ವರದಿ ಬಂತು. ಅಮೆರಿಕದ ಮ್ಯಾಥ್ಯೂ ಮಲ್ಡೂನ್ ಮತ್ತು ಸಂಗಡಿಗರು, ಕೊಲೆಸ್ಟ್ರಾಲ್ ಇಳಿಸೋಕೆ ಅಲ್ಲಿಯವರೆಗೆ ನಡೆದಿದ್ದ ಆರು ದೊಡ್ಡ ಪ್ರಯೋಗಗಳನ್ನ ಒಟ್ಟಿಗೆ ಸೇರಿಸಿ ಲೆಕ್ಕ ಹಾಕಿದ್ದರು. ಸುಮಾರು 25 ಸಾವಿರ ಗಂಡಸರ ಲೆಕ್ಕ. ಹೃದ್ರೋಗದ ಸಾವು ಕಡಿಮೆಯಾಗಿತ್ತು, ಆದರೆ ಒಟ್ಟು ಸಾವು ಕಡಿಮೆಯಾಗಿರಲಿಲ್ಲ. ಯಾಕಂದ್ರೆ ಅಪಘಾತ, ಆತ್ಮಹತ್ಯೆ, ಹಿಂಸೆಯಿಂದ ಆದ ಸಾವುಗಳು ಹೆಚ್ಚಾಗಿದ್ದವು. ವೈದ್ಯಲೋಕ ಗಾಬರಿಯಾಯ್ತು. 1992ರಲ್ಲಿ ಎಂಗಲ್‌ಬರ್ಗ್ ಎಂಬ ವೈದ್ಯರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ವಿವರಣೆ ಮುಂದಿಟ್ಟರು. ಕೊಲೆಸ್ಟ್ರಾಲ್ ಕಡಿಮೆಯಾದರೆ ನರಕೋಶದ ಗೋಡೆ ಬದಲಾಗಬಹುದು, ಮನಸ್ಸಿನ ಸಮತೋಲನಕ್ಕೆ ಬೇಕಾದ ಸೆರೊಟೋನಿನ್‌ನ ಕೆಲಸ ಕುಂಠಿತವಾಗಬಹುದು ಅಂತ. ಆಮೇಲೆ ಬೇರೆ ಬೇರೆ ದೇಶಗಳ ಮನೋರೋಗ ವಿಭಾಗಗಳಲ್ಲಿ ರಕ್ತ ತೆಗೆದು ನೋಡಿದರು. ಆತ್ಮಹತ್ಯೆಗೆ ಯತ್ನಿಸಿ ದಾಖಲಾದವರಲ್ಲಿ ಕೊಲೆಸ್ಟ್ರಾಲ್ ಕಡಿಮೆ ಇದೆ ಅಂತ ಹಲವು ವರದಿಗಳು ಹೇಳಿದವು. ಅಂಥ ವ್ಯತ್ಯಾಸವೇನೂ ಇಲ್ಲ ಅಂತಲೂ ಕೆಲವು ಹೇಳಿದವು.

ನಮ್ಮ ಸ್ಕ್ರಾಲ್ ಇಲ್ಲಿಗೆ ನಿಂತಿತ್ತು. ಆದರೆ ಕಥೆ ಇಲ್ಲಿಗೆ ಮುಗಿಯಲ್ಲ.

ಒಂದು ಸರಳ ಪ್ರಶ್ನೆ ಕೇಳ್ಕೊಳ್ಳಿ. ಕೊಲೆಸ್ಟ್ರಾಲ್ ಇಳಿದಿದ್ದಕ್ಕೆ ಮನಸ್ಸು ಕುಸಿಯಿತಾ, ಅಥವಾ ಮನಸ್ಸು ಕುಸಿದಿದ್ದಕ್ಕೆ ಕೊಲೆಸ್ಟ್ರಾಲ್ ಇಳಿಯಿತಾ? ಖಿನ್ನತೆ ಇರೋರು ಮನೆಯಲ್ಲಿದ್ದರೆ ನಿಮಗೇ ಗೊತ್ತಿರುತ್ತೆ. ಬಡಿಸಿದ ಮುದ್ದೆ ತಟ್ಟೆಯಲ್ಲೇ ಆರಿಹೋಗಿರುತ್ತೆ. ಊಟ ಸೇರಲ್ಲ, ತೂಕ ಇಳಿಯುತ್ತೆ, ಅದರ ಜೊತೆ ಕೊಲೆಸ್ಟ್ರಾಲೂ ಇಳಿಯಬಹುದು. ಅಪೌಷ್ಟಿಕತೆ, ಲಿವರ್ ಕಾಯಿಲೆ, ಥೈರಾಯ್ಡ್ ಅತಿಯಾಗಿ ಕೆಲಸ ಮಾಡೋದು, ಇವೆಲ್ಲವೂ ಕೊಲೆಸ್ಟ್ರಾಲನ್ನು ಇಳಿಸುತ್ತವೆ. ಅಂದರೆ ಆ ಸಂಖ್ಯೆ ಬೆಂಕಿ ಅಲ್ಲದೆ ಬರೀ ಹೊಗೆಯೂ ಆಗಿರಬಹುದು.

ಹಾಗಾದರೆ ತೀರ್ಮಾನ ಮಾಡೋದು ಹೇಗೆ? ಒಂದೇ ತರಹದ ರೋಗಿಗಳನ್ನ ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಿಜವಾದ ಮಾತ್ರೆ, ಇನ್ನೊಂದಕ್ಕೆ ಔಷಧಿಯೇ ಇಲ್ಲದ ಮಾತ್ರೆ ಕೊಟ್ಟು ವರ್ಷಗಟ್ಟಲೆ ನೋಡಬೇಕು. ಸ್ಕ್ಯಾಂಡಿನೇವಿಯಾ ದೇಶಗಳಲ್ಲಿ ಹಾಗೇ ಮಾಡಿದರು. 4,444 ಹೃದ್ರೋಗಿಗಳು, ಸಿಮ್ವಾಸ್ಟಾಟಿನ್ ಎಂಬ ಮಾತ್ರೆ. 1994ರಲ್ಲಿ ಫಲಿತಾಂಶ ಬಂತು. ಮಾತ್ರೆ ತಗೊಂಡವರಲ್ಲಿ ಒಟ್ಟು ಸಾವು ಶೇಕಡಾ 30ರಷ್ಟು ಕಡಿಮೆ. ಆತ್ಮಹತ್ಯೆ, ಹಿಂಸೆಯ ಸಾವುಗಳು ಹೆಚ್ಚಾಗಿರಲಿಲ್ಲ. 2001ರಲ್ಲಿ ಇದೇ ಮಲ್ಡೂನ್ ತಂಡ ಇನ್ನೂ ಹೆಚ್ಚು ಪ್ರಯೋಗಗಳನ್ನ ಸೇರಿಸಿ ಮತ್ತೆ ಲೆಕ್ಕ ಹಾಕಿತು. ಅಂಥ ಸಾವುಗಳಲ್ಲಿ ಖಚಿತವಾದ ಏರಿಕೆ ಏನೂ ಕಾಣಿಸಲಿಲ್ಲ. ಅನುಮಾನ ಎತ್ತಿದವರೇ ಹನ್ನೊಂದು ವರ್ಷ ಬಿಟ್ಟು ವಾಪಸ್ ಬಂದು ಹೇಳಿದ ಮಾತಿದು. ನಾವು ಟಿವಿಯವರು ಹನ್ನೊಂದು ದಿನ ಬಿಟ್ಟು ಹಾಗೆ ವಾಪಸ್ ಹೋಗಿದ್ದು ಕಡಿಮೆ.

ಇನ್ನೊಂದು ವಿಷಯ ಗೊತ್ತಿರಲಿ. ಮೆದುಳು ತನಗೆ ಬೇಕಾದ ಕೊಲೆಸ್ಟ್ರಾಲನ್ನು ತಾನೇ ತಯಾರಿಸಿಕೊಳ್ಳುತ್ತೆ. ರಕ್ತದಲ್ಲಿರೋ ಕೊಲೆಸ್ಟ್ರಾಲನ್ನು ಒಳಗೆ ಬಿಟ್ಟುಕೊಳ್ಳಲ್ಲ, ನಡುವೆ ಒಂದು ತಡೆಗೋಡೆ ಇದೆ. ಲ್ಯಾಬ್ ರಿಪೋರ್ಟಿನಲ್ಲಿ ಬರೋದು ರಕ್ತದ ಲೆಕ್ಕ, ಮೆದುಳಿನ ಲೆಕ್ಕ ಅಲ್ಲ. ತುಪ್ಪ ಜಾಸ್ತಿ ತಿನ್ನಿಸಿದರೆ ಅದು ಮೆದುಳಿಗೆ ಹೋಗಿ ಕೂರುತ್ತೆ ಅನ್ನೋದು ಸುಳ್ಳು.

ಈಗ ನಿಜವಾದ ಅಪಾಯಕ್ಕೆ ಬರೋಣ. ತೀವ್ರ ಮಾನಸಿಕ ಕಾಯಿಲೆ ಇರೋರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಹೆಚ್ಚಿನವರನ್ನ ಕೊಲ್ಲೋದು ತಡೆಯಬಹುದಾದ ದೈಹಿಕ ಕಾಯಿಲೆಗಳು, ಅದರಲ್ಲೂ ಹೃದಯದ್ದು. ಒಲಾಂಜಪಿನ್, ಕ್ಲೋಜಪಿನ್‌ನಂಥ ಔಷಧಿಗಳಿಂದ ತೂಕ, ಸಕ್ಕರೆ, ರಕ್ತದ ಕೊಬ್ಬು ಏರಬಹುದು. ಹಾಗಂತ ಅವನ್ನ ನಿಲ್ಲಿಸೋ ಹಾಗಿಲ್ಲ, ಎಷ್ಟೋ ಜನರ ಬದುಕು ನಿಂತಿರೋದೇ ಅವುಗಳ ಮೇಲೆ. ಆದರೆ ತೂಕ, ಸಕ್ಕರೆ, ಕೊಲೆಸ್ಟ್ರಾಲ್ ಆಗಾಗ ನೋಡಿಸಬೇಕು. ಅಂಥವರು ಎದೆನೋವು ಅಂದರೆ "ಎಲ್ಲಾ ಇವನ ತಲೆಯಲ್ಲೇ ಇರೋದು" ಅಂತ ತಳ್ಳಿಹಾಕಬಾರದು.

2021ರ ಅಕ್ಟೋಬರ್ 29ರಂದು ಪುನೀತ್ ಹೋದ ಮೇಲೆ ಬೆಂಗಳೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಸಾಲುಗಟ್ಟಿದ್ದನ್ನ ನಾವೇ ತೋರಿಸಿದ್ವಿ. ಗಂಡನನ್ನ, ಮಗನನ್ನ, ಅಪ್ಪನನ್ನ ಕರ್ಕೊಂಡು ಬಂದಿದ್ದರು. ಮಾನಸಿಕ ಕಾಯಿಲೆ ಇರೋ ಅಣ್ಣನನ್ನೋ ಅಕ್ಕನನ್ನೋ ಕರ್ಕೊಂಡು ಬಂದವರು ಎಷ್ಟು ಜನ ಇದ್ರು? ಆ ಪ್ರಶ್ನೆ ಅವತ್ತು ನನಗೂ ಹೊಳೆಯಲಿಲ್ಲ.

ಹಾಗಾದರೆ ರಿಪೋರ್ಟಿನಲ್ಲಿ ಕೊಲೆಸ್ಟ್ರಾಲ್ ಕಡಿಮೆ ಬಂದರೆ ಏನು ಮಾಡಬೇಕು? ಸ್ಟೆಂಟ್ ಹಾಕಿಸಿಕೊಂಡು ಮಾತ್ರೆ ತಗೋತಿರೋರಿಗೆ ಅದು ಕಡಿಮೆ ಬರಲಿ ಅಂತಲೇ ಮಾತ್ರೆ ಕೊಡೋದು. ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್, ಕನಿಷ್ಠ ಪಕ್ಷ 70ಕ್ಕಿಂತ ಕೆಳಗಾದರೂ ಬರಬೇಕು ಅನ್ನೋದು ವೈದ್ಯರ ಗುರಿ. ಮಾತ್ರೆ ಶುರುವಾದ ಮೇಲೆ ನಿದ್ದೆ, ಮನಸ್ಸು ಬದಲಾಗಿದೆ ಅನ್ನಿಸಿದರೆ ವೈದ್ಯರಿಗೆ ಹೇಳಿ. ಪ್ರಮಾಣ ಇಳಿಸಬಹುದು, ಬೇರೆ ಮಾತ್ರೆ ಕೊಡಬಹುದು. ನೀವೇ ನಿಲ್ಲಿಸಬೇಡಿ. ಮಾತ್ರೆ ಇಲ್ಲದೆಯೂ ತೀರಾ ಕಡಿಮೆ ಬಂದಿದ್ದರೆ ತೂಕ, ಹಸಿವು, ಥೈರಾಯ್ಡ್, ಲಿವರ್ ನೋಡಿಸಿ.

ಇನ್ನು, ಮನೆಯವರ ಬಗ್ಗೆ ಭಯ ಇದ್ದರೆ ನೇರವಾಗಿ ಕೇಳಿ. "ಬದುಕೋದು ಬೇಡ ಅಂತ ಅನ್ನಿಸ್ತಿದೆಯಾ?" ಅಂತ ಕೇಳಿದರೆ ಆ ಯೋಚನೆ ತಲೆಗೆ ಬರುತ್ತೆ ಅನ್ನೋದು ತಪ್ಪು ತಿಳಿವಳಿಕೆ. ಎಷ್ಟೋ ಸಲ ಆ ಪ್ರಶ್ನೆಗೇ ಅವರು ಕಾಯ್ತಿರ್ತಾರೆ. ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಹಾಸನದ ಆ ಅಣ್ಣನಿಗೆ ನಾನೇ ವಾಪಸ್ ಫೋನ್ ಮಾಡಿ ಇಷ್ಟೂ ಹೇಳಿದೆ. ಎರಡು ದಿನ ಬಿಟ್ಟು ತಮ್ಮನನ್ನ ಆಸ್ಪತ್ರೆಗೆ ಕರ್ಕೊಂಡು ಹೋದರು. ವೈದ್ಯರು ಹೃದಯದ ಮಾತ್ರೆಯನ್ನ ಮತ್ತೆ ಶುರು ಮಾಡಿಸಿ, ತೂಕ ನೋಡಿದರಂತೆ. ಮೂರು ತಿಂಗಳಲ್ಲಿ ಆರು ಕೆಜಿ ಇಳಿದಿತ್ತು. ಸರಿಯಾಗಿ ಊಟ ಮಾಡಿ ಎಷ್ಟು ದಿನ ಆಯ್ತಪ್ಪ ಅಂತ ಕೇಳಿದ್ದಕ್ಕೆ ತಮ್ಮ ಅತ್ತುಬಿಟ್ಟರಂತೆ. "ನಾವೆಲ್ಲ ರಿಪೋರ್ಟ್ ನೋಡ್ತಿದ್ವಿ ಸಾರ್, ಅವನ ತಟ್ಟೆ ಯಾರೂ ನೋಡಿರಲಿಲ್ಲ" ಅಂದ್ರು ಅಣ್ಣ. ಈಗ ಮನಸ್ಸಿನ ಚಿಕಿತ್ಸೆಯಲ್ಲೂ ಬದಲಾವಣೆ ಮಾಡಿದ್ದಾರೆ, ಊಟ ಸ್ವಲ್ಪ ಸ್ವಲ್ಪ ಸೇರ್ತಿದೆಯಂತೆ.

ಅವತ್ತು ಸಂಜೆ ನಮ್ಮ ಸ್ಕ್ರಾಲ್‌ನಲ್ಲಿ ತಿದ್ದುಪಡಿ ಹಾಕಿಸಿದೆ: ವೈದ್ಯರನ್ನು ಕೇಳದೆ ಕೊಲೆಸ್ಟ್ರಾಲ್ ಮಾತ್ರೆ ನಿಲ್ಲಿಸಬೇಡಿ. ಕೊನೆಯಲ್ಲಿ ಪ್ರಶ್ನೆ ಚಿಹ್ನೆ ಬೇಡ, ಪೂರ್ಣವಿರಾಮ ಹಾಕಿ ಅಂತ ಡೆಸ್ಕ್‌ನವರಿಗೆ ಹೇಳಿದೆ.